ಗುಂಯ್ ಎನ್ನದ ಗಿಟಾರು

ಅವರ ಬಲಗೈಯ ತೋರುಬೆರಳಿನ ತುದಿಯಲ್ಲಿ ಒಂದು ಗೀರು ಇತ್ತು. ಗಾಯದ್ದಲ್ಲ. ನಲವತ್ತು ವರ್ಷ ತಾಮ್ರದ ತಂತಿ ಆ ಬೆರಳಿನ ಮೇಲೇ ಹರಿದು ಹರಿದು, ಬಾವಿಕಟ್ಟೆಯ ಕಲ್ಲಿಗೆ ಹಗ್ಗ ಮಾಡುವ ಹಾಗೆ, ಚರ್ಮದಲ್ಲಿ ಒಂದು ಸಣ್ಣ ಕಾಲುವೆ ಕೊರೆದಿತ್ತು. ತಂತಿ ಹಿಡಿದರೆ ಅದು ಸರಿಯಾಗಿ ಆ ಗೀರಿನಲ್ಲೇ ಕೂರುತ್ತಿತ್ತು. ಬೆಂಗಳೂರಿನಿಂದ ಕಾರಿನಲ್ಲಿ ಬಂದ ಒಬ್ಬ ಮಹಾಶಯ ಅವರ ಅಂಗಡಿಗೆ ಎರಡು ಸಲ ಬಂದು, ಟೀ ಕುಡಿದು, ಕಂಡಕಂಡದ್ದರ ಫೋಟೋ ಹೊಡೆದುಕೊಂಡು ಹೋದ. ಆ ಬೆರಳಿನ ಕಡೆ ತಿರುಗಿಯೂ ನೋಡಲಿಲ್ಲ. ನೆನೆಸಿಕೊಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಅವರದು ಮೋಟಾರ್ ವೈಂಡಿಂಗ್ ಅಂಗಡಿ. ಸುತ್ತಲಿನ ತೆಂಗಿನ ತೋಟಗಳಲ್ಲಿ ಪಂಪಿನ ಮೋಟಾರು ಸುಟ್ಟರೆ ಅಲ್ಲಿಗೇ ಬರಬೇಕು. ಕರಕಲಾದ ತಂತಿ ಕಿತ್ತು, ಹೊಸ ತಂತಿ ಸುತ್ತಿ, ವಾರ್ನಿಷ್ ಬಳಿದು ಕೊಡುವುದು ಕೆಲಸ. ಹಣೆಯ ವಿಭೂತಿಯ ಮೇಲೆ ಯಾವಾಗಲೂ ಒಂದು ವಾರ್ನಿಷ್ ಕಲೆ. ಊರಿಗೆಲ್ಲ ಅವರು ವೈಂಡಿಂಗ್‌ನೋರು, ರಕ್ತಸಂಬಂಧವಿಲ್ಲದಿದ್ದರೂ ನನಗೆ ಅಣ್ಣ. ಅವರು ಮಾತ್ರ ನನ್ನನ್ನು ಹೆಸರು ಹಿಡಿದು ಕರೆದವರೇ ಅಲ್ಲ. ಬಂದ ಮೋಟಾರುಗಳನ್ನೆಲ್ಲ ಕಣಕಟ್ಟೆ, ಬಾಣಾವರ ಎಂದು ಊರ ಹೆಸರಿನಲ್ಲೇ ಗುರುತಿಟ್ಟುಕೊಂಡು ಅಭ್ಯಾಸವಾಗಿ, ನನ್ನನ್ನೂ ಊರ ಹೆಸರಿನಿಂದಲೇ ಕೂಗುತ್ತಿದ್ದರು. "ಏನ್ಲಾ ಹಳೇಬೀಡು, ಬಸ್ ಸಿಕ್ತೇನ್ಲಾ?"

ತಂತಿ ಸುತ್ತುವಾಗ ಅವರನ್ನು ಮಾತಾಡಿಸುವ ಹಾಗಿರಲಿಲ್ಲ. ತುಟಿಯಲ್ಲೇ ಎಣಿಸುತ್ತಿರುತ್ತಿದ್ದರು. ತಹಶೀಲ್ದಾರರೇ ಬಂದು ನಿಂತರೂ, ತಾಳಿ ಎಂದು ಎಡಗೈ ಬೆರಳೊಂದನ್ನು ಮೇಲೆತ್ತಿ ತೋರಿಸುವುದು, ಅಷ್ಟೆ. ಕೆಲಸ ಮುಗಿದ ಮೇಲೆ ಒಂದು ಚೀಟಿ ಬರೆಯುತ್ತಿದ್ದರು: ಯಾರದು, ದೂರು ಏನು, ಎಷ್ಟು ಸುತ್ತು, ಸರಿ ಹೋಯಿತೇ ಇಲ್ಲವೇ. ಅದನ್ನು ಮೋಟಾರಿನ ಒಳಗೇ ಇಟ್ಟು ಮೇಲೆ ವಾರ್ನಿಷ್ ಹಚ್ಚಿಬಿಡುವುದು. ಮುಂದೆ ಯಾವಾಗಲೋ ಬಿಚ್ಚುವವನಿಗೆ ಗೊತ್ತಾಗಲಿ ಎಂದು. ಆ ಚೀಟಿಯಲ್ಲಿ ತಮ್ಮ ಹೆಸರು ಬರೆದವರಲ್ಲ. ಯಾಕಣ್ಣ ಎಂದು ಕೇಳಿದರೆ, "ಮೋಟ್ರು ಓಡ್ತಾ ಇದ್ರೆ ನನ್ ಹೆಸ್ರು ಯಾರಿಗ್ಲಾ ಬೇಕು? ನಿಂತೋದ್ರೆ ಅವ್ರೇ ಹುಡುಕ್ಕೊಂಡು ಬತ್ತಾರೆ" ಎಂದು ನಗುತ್ತಿದ್ದರು. ದೂರು ಉಳಿದಿರುವ ಮಾಲು ಅವರ ಅಂಗಡಿಯ ಹೊಸಿಲು ದಾಟುತ್ತಿರಲಿಲ್ಲ. ಗಿರಾಕಿ ಗಲಾಟೆ ಮಾಡಿದರೂ ಕೊಡುತ್ತಿರಲಿಲ್ಲ.

ಆಗ ನಾನು ಅರಸೀಕೆರೆಯ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತಿದ್ದೆ. ನುಡಿಸುತ್ತಿದ್ದೆ ಎನ್ನುವುದು ದೊಡ್ಡ ಮಾತು. ಗಿಟಾರು ಯಾರದೋ, ಕೇಳಿದಾಗ ಕೊಡುತ್ತಿದ್ದರು, ಒಂದು ದಿನ ವಾಪಸು ತೆಗೆದುಕೊಂಡು ಹೋದರು. ಹಳೇಬೀಡಿನಲ್ಲಿ ನಮ್ಮದು ಬಟ್ಟೆ ಅಂಗಡಿ, ಜೈನರ ಮನೆ. ಮಗ ಮದುವೆ ಮನೆಗಳಲ್ಲಿ ಸಿನಿಮಾ ಹಾಡು ಬಾರಿಸುವುದೇ ಅಪ್ಪನಿಗೆ ಅವಮಾನವಾಗಿತ್ತು, ಇನ್ನು ಗಿಟಾರು ಕೊಡಿಸುವುದೆಲ್ಲಿ ಬಂತು! ಎಂದಿನಂತೆ ಊರಿನ ಬಸ್ಸಿಗೆ ಕಾಯುತ್ತ, ಅಣ್ಣನ ಅಂಗಡಿಯಲ್ಲಿ ಮುಖ ಇಳಿಬಿಟ್ಟು ಕೂತಿದ್ದೆ. ಅವರು ಸುತ್ತು ಎಣಿಸಿ ಮುಗಿಸಿ ಕೇಳಿದರು: "ಆ ಕರೆಂಟ್ ಗಿಟಾರ್ನಾಗೆ ಒಳಗೆ ಏನ್ಲಾ ಐತೆ?"

"ಅಯಸ್ಕಾಂತ, ಅದರ ಸುತ್ತ ಕೂದಲಂಥ ತಂತಿ. ಮೇಲೆ ಗಿಟಾರಿನ ತಂತಿ ಅಲ್ಲಾಡಿದರೆ ಕರೆಂಟು ಹುಟ್ಟುತ್ತಂತೆ."

"ಅಷ್ಟೇನಾ? ಹಂಗಾದ್ರೆ ನಮ್ ಕಸುಬೇ ಅಲ್ವೇನ್ಲಾ ಅದು!"

ಎರಡು ತಿಂಗಳಿಗೆ ಗಿಟಾರು ಆಯಿತು. ಮೈಗೆ ಯಾರದೋ ಹಳೆಯ ಮನೆಯ ಹಲಸಿನ ಬಾಗಿಲು. ಅಯಸ್ಕಾಂತ ಸೈಕಲ್ ಡೈನಮೋದ್ದು. ಕೂದಲೆಳೆಯ ತಂತಿಯನ್ನು ಕೆಟ್ಟ ರೇಡಿಯೋಗಳಿಂದ ಬಿಚ್ಚಿಕೊಂಡು, ಬೆರಳಿನ ಆ ಗೀರಿನ ಮೇಲೆ ಹಾಯಿಸಿ ಸಾವಿರಗಟ್ಟಲೆ ಸುತ್ತು ಸುತ್ತಿದರು. ಹತ್ತು ಸಲ ಕಿತ್ತುಹೋಯಿತು, ಹತ್ತು ಸಲವೂ ಒಂದರಿಂದ ಎಣಿಸಿದರು. ಸಂಜೆ ನಾನು ಅಲ್ಲಿದ್ದರೆ, "ಹೊತ್ತು ಮುಳುಗ್ತೈತೆ, ಇವ್ನಿಗೆ ಮೊದ್ಲು ಹಾಕು" ಎಂದು ಒಳಗೆ ಕೂಗುತ್ತಿದ್ದರು. ಅತ್ತಿಗೆ ಈರುಳ್ಳಿ ಹಾಕದ ಪಲ್ಯ ಮಾಡಿ ರೊಟ್ಟಿಯ ಜೊತೆ ತರುತ್ತಿದ್ದರು. ನನ್ನ ಮನೆಯಲ್ಲಿ ನನ್ನ ಗಿಟಾರಿಗೆ ಜಾಗವಿರಲಿಲ್ಲ, ಅವರ ಮನೆಯಲ್ಲಿ ನನ್ನ ವ್ರತಕ್ಕೂ ಜಾಗವಿತ್ತು.

ಮೊದಲ ಕಾರ್ಯಕ್ರಮ ಕಣಕಟ್ಟೆಯಲ್ಲಿ, ಒಂದು ಆರತಕ್ಷತೆ. ಅಣ್ಣ ಹೊಸ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಬೆಳಕಿರುವ ತನಕ ಎಲ್ಲ ಸರಿಯಾಗಿತ್ತು. ಚಪ್ಪರದ ಟ್ಯೂಬ್‌ಲೈಟ್‌ಗಳನ್ನು ಹಾಕಿದ್ದೇ ತಡ, ಗಿಟಾರು ಗುಂಯ್ ಎಂದು ಶುರುಮಾಡಿತು. ಹಾಡಿಗಿಂತ ಅದೇ ಜೋರು. "ಯಾರ್ಲಾ ಅದು, ಚಪ್ಪರದಾಗೆ ಬೋರ್‌ವೆಲ್ ಆನ್ ಮಾಡಿರೋದು?" ಎಂದು ಹಿಂದಿನಿಂದ ಒಬ್ಬ ಕೂಗಿದ. ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಮದುಮಗಳೂ ನಕ್ಕಳು. ನಾನು ಗಿಟಾರನ್ನು ಕೆಳಗಿಟ್ಟು, ತಾಳಕ್ಕೆ ಇಟ್ಟಿದ್ದ ಗಿಲಕಿ ಎತ್ತಿಕೊಂಡು ಅಲ್ಲಾಡಿಸುತ್ತ ನಿಂತೆ. ಅಣ್ಣನ ಕಡೆ ನೋಡುವ ಧೈರ್ಯ ಬರಲಿಲ್ಲ.

ಮುಂದಿನ ವರ್ಷ ನಾನು ದುಡ್ಡು ಕೂಡಿಸಿ ಅಂಗಡಿಯಲ್ಲಿ ಸಿಗುವ ಗಿಟಾರು ಕೊಂಡೆ. ಹಲಸಿನ ಗಿಟಾರು ಗೋಣಿಚೀಲದಲ್ಲಿ ಸುತ್ತಿಕೊಂಡು ಅಣ್ಣನ ಅಂಗಡಿಯ ಅಟ್ಟ ಸೇರಿತು. ಆಮೇಲೆ ಆರ್ಕೆಸ್ಟ್ರಾಗಳೇ ಮುಚ್ಚಿದವು, ನಾನು ಬಟ್ಟೆ ಅಳೆಯಲು ಕೂತೆ. ರೈಲು ಹತ್ತಲು ಅರಸೀಕೆರೆಗೆ ಹೋದಾಗಲೆಲ್ಲ ಅಣ್ಣನ ಅಂಗಡಿಯಲ್ಲಿ ಅರ್ಧ ಗಂಟೆ ಕೂರುತ್ತಿದ್ದೆ. ಒಂದು ಸಲ ಅವರೇ ಹೇಳಿದರು: "ಆ ಗುಂಯ್ ಯಾಕೆ ಬತ್ತಿತ್ತು ಅಂತ ತಿಳೀತು ಕಣ್ಲಾ. ಇನ್ನೊಂದು ಕಾಯಿಲ್ ಉಲ್ಟಾ ಸುತ್ತಿ, ಅದ್ರ ಅಯಸ್ಕಾಂತಾನೂ ಉಲ್ಟಾ ಮಾಡಿ ಪಕ್ಕಕ್ಕೆ ಇಟ್ರೆ ಆಯ್ತು. ಇಬ್ರು ಎದುರುಬದುರು ನಿಂತು ಒಂದೇ ಬಾಗ್ಲು ನೂಕ್ದಂಗೆ. ಬಾಗ್ಲು ಅಲ್ಲಾಡಾಕಿಲ್ಲ." ಹಾಗಾದರೆ ಮಾಡಿಬಿಡಬೇಕಿತ್ತಲ್ಲ ಅಣ್ಣ ಎಂದೆ. "ಯಾರಿಗೆ ಅಂತ ಮಾಡ್ಲಿ?" ಎಂದರು. ನಾನು ರೈಲಿಗೆ ಹೊತ್ತಾಯಿತು ಎಂದು ಎದ್ದುಬಂದೆ.

ಇದಾಗಿ ಎಷ್ಟೋ ವರ್ಷಗಳ ಮೇಲೆ, ಎಲ್ಲರ ಹಾಗೆ ನನಗೂ ಫೋನಿನ ಚಟ ಹತ್ತಿತು. ಗೋಣಿಚೀಲ ಬಿಚ್ಚಿಸಿ ಗಿಟಾರಿನ ಫೋಟೋ ತೆಗೆದು, ಕಣಕಟ್ಟೆಯ ಗುಂಯ್ ಕತೆಯನ್ನೂ ಬರೆದು, ಎಲ್ಲರೂ ನೋಡುವಂತೆ ಫೋನಿನಲ್ಲಿ ಹಾಕಿದೆ. ಎರಡು ದಿನಕ್ಕೆ ಆ ಮಹಾಶಯನ ಫೋನು ಬಂತು. ಅವನು ಕೂಡಿಹಾಕುವುದು ಪ್ರೊಟೊಟೈಪ್ ಗಿಟಾರುಗಳನ್ನಂತೆ. ಅಂದರೆ, ಮಾರಾಟಕ್ಕೆ ಮಾಡುವ ಮುಂಚೆ ಪರೀಕ್ಷೆಗೆಂದು ಒಂದೋ ಎರಡೋ ಮಾಡಿ ನೋಡುತ್ತಾರಲ್ಲ, ಆ ಮೊದಲ ಮಾದರಿಗಳು. ಮೂವತ್ತರ ಮೇಲೆ ಇವೆಯಂತೆ. ಎಲ್ಲವೂ ಏಸಿ ಕೋಣೆಯಲ್ಲಿ, ಗಾಜಿನ ಹಿಂದೆ. ನುಡಿಸುತ್ತೀರಾ ಎಂದು ಕೇಳಿದೆ. "ಅಯ್ಯೋ, ಮುಟ್ಟಲ್ಲ" ಎಂದ. ಅಲ್ಲೇ ಫೋನು ಇಟ್ಟಿದ್ದರೆ ಆಗುತ್ತಿತ್ತು. ನಾನು ಹಲ್ಲು ಕಿರಿದುಕೊಂಡು ಬನ್ನಿ ಸಾರ್ ಎಂದೆ.

ಬಂದ. ಹಳೇಬೀಡಿನ ದೇವಸ್ಥಾನದ ಮುಂದೆ ನಾಲ್ಕು ಫೋಟೋ ತೆಗೆಸಿಕೊಂಡು, ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಅರಸೀಕೆರೆಗೆ ಹೊರಟ. ಅಣ್ಣನ ಅಂಗಡಿಯಲ್ಲಿ ಬಿಳಿ ಕೈಗವಸು ಹಾಕಿಕೊಂಡು ಗಿಟಾರು ಎತ್ತಿದ. ಅಣ್ಣ ನನ್ನ ಕಿವಿಯಲ್ಲಿ, "ಪಾಪ, ಕೈಗೆ ಏನಾಗೈತ್ಲಾ?" ಎಂದರು. ಮಹಾಶಯ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಇಂಥದ್ದು ಇನ್ನೊಂದು ಇರಲಾರದು, ಹದಿನೈದು ದಿನದಲ್ಲಿ ಬಂದು ಒಯ್ಯುತ್ತೇನೆ ಎಂದ. ಕಾರು ಹತ್ತುವಾಗ ನನ್ನೊಬ್ಬನಿಗೇ ಹೇಳಿದ: "ಅವರಿಗೆ ಹೇಳಿ, ಏನನ್ನೂ ಮುಟ್ಟಬಾರದು."

ಅಣ್ಣನಿಗೆ ಹೇಳಿದೆ. "ಕೆಟ್ಟಿರೋದನ್ನ ಹಂಗೇ ಕೊಟ್ ಕಳ್ಸೋಕೆ ನನಗೇನು ತಲೆ ಕೆಟ್ಟೈತಾ?" ಎಂದು ನಕ್ಕುಬಿಟ್ಟರು. ನಾನು ತಮಾಷೆ ಮಾಡುತ್ತಿದ್ದೇನೆ ಎಂದೇ ಅವರು ತಿಳಿದದ್ದು. ಕೂತು ಬಿಡಿಸಿ ಹೇಳಬೇಕಾಗಿದ್ದವನು ನಾನು. ಆದರೆ ಏನೆಂದು ಹೇಳುವುದು? ರಿಪೇರಿ ಮಾಡಿಯೇ ಬದುಕಿದ ಮನುಷ್ಯನಿಗೆ, ರಿಪೇರಿ ಮಾಡಿದರೆ ಬೆಲೆ ಹೋಗುತ್ತದೆ ಎಂದರೆ ಯಾವ ಭಾಷೆಯಲ್ಲಿ ಅರ್ಥವಾಗುತ್ತದೆ? ಹೇಗೋ ಆಗುತ್ತದೆ ಬಿಡು ಎಂದು ಬಸ್ಸು ಹತ್ತಿದೆ.

ಹದಿನೈದು ದಿನ ಬಿಟ್ಟು ಮಹಾಶಯನ ಜೊತೆ ಹೋದಾಗ ಬಾಗಿಲಿನಲ್ಲೇ ನನಗೆ ಗೊತ್ತಾಯಿತು. ಹಲಸಿನ ಮೈ ಮಿರಮಿರ ಮಿಂಚುತ್ತಿತ್ತು. ಅಂಗಡಿಯ ಟ್ಯೂಬ್‌ಲೈಟೆಲ್ಲ ಹಾಕಿಟ್ಟು, ಎಲ್ಲಿಂದಲೋ ಆಂಪ್ಲಿಫೈಯರ್ ತಂದು, ಗಿಟಾರಿಗೆ ವೈರು ಸಿಕ್ಕಿಸಿಕೊಂಡು, ಹೊಸ ಅಂಗಿಯಲ್ಲಿ ಅಣ್ಣ ಕಾಯುತ್ತಿದ್ದರು. ಕಣ್ಣು ಮಂಜಾಗಿದ್ದ ಮನುಷ್ಯ, ಕೂದಲೆಳೆಯ ತಂತಿಯನ್ನು ಬೆರಳಿನ ಗೀರನ್ನೇ ನಂಬಿ ಸುತ್ತಿದ್ದರು. ನಮ್ಮನ್ನು ಕಂಡವರೇ ವಾಲ್ಯೂಮನ್ನು ಪೂರ್ತಿ ತಿರುಗಿಸಿ, "ಕೇಳಿ ಸಾರ್" ಎಂದರು.

ಮಹಾಶಯ ಕತ್ತು ಬಾಗಿಸಿದ. "ಏನೂ ಕೇಳಿಸ್ತಿಲ್ಲವಲ್ಲ."

"ಅದೇ ಸಾರ್!" ಎಂದರು ಅಣ್ಣ. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

"ಹಳೇ ಕಾಯಿಲ್ ಎಲ್ಲಿ?"

"ಬಿಚ್ಚಿ ಗುಜರಿಗೆ ಹಾಕ್ದೆ ಸಾರ್. ಎರಡೂ ಒಂದೇ ಸಮ ಇರ್ಬೇಕಲ್ಲ, ಹೊಸದಾಗೇ ಸುತ್ತಿವ್ನಿ."

"ಹಾಳು ಮಾಡಿಬಿಟ್ರಲ್ರೀ!" ಎಂದು ಕಿರುಚಿದ. "ಆ ಶಬ್ದಕ್ಕೇ ಅಲ್ವೇನ್ರೀ ಬೆಲೆ ಇದ್ದದ್ದು! ಈಗ ಇದು ಯಾವ ಅಂಗಡೀಲಾದ್ರೂ ಸಿಗೋ ಗಿಟಾರು."

"ಕಣಕಟ್ಟೆಯಾಗೆ ನಕ್ಕಿದ್ರು ಸಾರ್" ಎಂದರು ಅಣ್ಣ.

ಅವನು ಒಂದೇ ಒಂದು ತಂತಿ ಮೀಟಿ ನೋಡಲಿಲ್ಲ. ಕೈಗವಸನ್ನು ಜೇಬಿನಿಂದ ತೆಗೆಯಲೂ ಇಲ್ಲ. ಮೂವತ್ತು ಗಿಟಾರುಗಳನ್ನು ಗಾಜಿನೊಳಗೆ ಹೂತಿಟ್ಟವನಿಗೆ, ಒಂದು ಗಿಟಾರಿನ ದೋಷ ತಿದ್ದಲು ಒಬ್ಬ ಮನುಷ್ಯ ಇಷ್ಟು ವರ್ಷ ಯೋಚಿಸಿದ್ದಾನೆ ಎನ್ನುವುದು ಕಾಣಲಿಲ್ಲ. ಆ ಮನುಷ್ಯ ಮೂರಡಿ ದೂರದಲ್ಲಿ ನಿಂತಿದ್ದರೂ ಕಾಣಲಿಲ್ಲ. ಅವನಿಗೆ ಬೇಕಾದದ್ದು ಸಂಗೀತವೂ ಅಲ್ಲ, ಮಾಡಿದವನೂ ಅಲ್ಲ. ಬೇರೆ ಯಾರ ಹತ್ತಿರವೂ ಇಲ್ಲದ್ದು ತನ್ನ ಹತ್ತಿರ ಇರಬೇಕು, ಅಷ್ಟೆ. ಅಂಥವರನ್ನು ಕಲಾಪ್ರೇಮಿಗಳು ಎಂದು ಕರೆಯುವವರ ಬಾಯಿಗೆ ಮಣ್ಣು ಹಾಕಬೇಕು.

ಇಷ್ಟೆಲ್ಲ ಈಗ ಬರೆಯುತ್ತಿದ್ದೇನೆ. ಆವತ್ತು ನಾನು ಏನು ಮಾಡಿದೆ? ಮಹಾಶಯನ ಹಿಂದೆ ಹೋಗಿ, "ಬೇಜಾರು ಮಾಡ್ಕೋಬೇಡಿ ಸಾರ್" ಎಂದು ಕಾರಿನ ಬಾಗಿಲು ಹಾಕಿದೆ. ಆ ಒಂದು ಮಾತಿಗೆ ನನ್ನ ನಾಲಗೆ ಬಿದ್ದುಹೋಗಬಾರದಿತ್ತೇ! ವಾಪಸು ಬಂದಾಗ ಅಣ್ಣ ಟ್ಯೂಬ್‌ಲೈಟು ಆರಿಸಿ ಕೂತಿದ್ದರು. "ಬಿಡ್ಲಾ, ಅವ್ರಿಗೆ ಕೆಟ್ಟಿರೋದೇ ಬೇಕಿತ್ತಂತೆ" ಎಂದರು. ನುಡಿಸು ಎಂದು ನನಗೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆಮೇಲೆ ಅವರು ಹೊಸ ಮೋಟಾರು ಮುಟ್ಟಲಿಲ್ಲವಂತೆ. ಕಣ್ಣು ಕಾಣಿಸುವುದಿಲ್ಲ ಎಂದು ಬಂದವರನ್ನೆಲ್ಲ ವಾಪಸು ಕಳಿಸಿದರಂತೆ. ಐದಾರು ತಿಂಗಳಿಗೆ ತೀರಿಕೊಂಡರು. ಶಿವಗಣಾರಾಧನೆಯ ದಿನ ಊಟ ಮುಗಿದ ಮೇಲೆ ಅತ್ತಿಗೆ ಒಳಗಿನಿಂದ ಗೋಣಿಚೀಲ ತಂದು ನನ್ನ ಮುಂದಿಟ್ಟರು. "ಇದು ನಿಮ್ದೇ ಅಂತೆ ಕಣಪ್ಪ, ಕೊಟ್ಬಿಡು ಅಂದಿದ್ರು."

ಮನೆಗೆ ತಂದವನು ಒಂದು ವಾರ ಅದನ್ನು ಮುಟ್ಟಲಿಲ್ಲ. ಆಮೇಲೊಂದು ಮಧ್ಯಾಹ್ನ ಅಂಗಡಿ ಮುಚ್ಚಿ, ಕಾಯಿಲಿನ ಮೇಲಿನ ತಗಡಿನ ಸ್ಕ್ರೂ ಬಿಚ್ಚಿದೆ. ಅಕ್ಕಪಕ್ಕ ಎರಡು ಕಾಯಿಲು, ಒಂದು ಎಳೆಯೂ ಹೆಚ್ಚುಕಮ್ಮಿಯಿಲ್ಲ. ಅವುಗಳ ಅಡಿಯಲ್ಲಿ, ವಾರ್ನಿಷಿನಲ್ಲಿ ಅಂಟಿಕೊಂಡು ಒಣಗಿದ್ದ ಚೀಟಿ.

"ಯಾರದು: ಹಳೇಬೀಡು. ದೂರು: ಗುಂಯ್ ಅನ್ನುತ್ತೆ. ಎರಡು ಕಾಯಿಲ್, ಎದುರು ಸುತ್ತು. ಸರಿ ಹೋಗಿದೆ. ತಡವಾಯಿತು."

ಮಹಾಶಯ ಒಯ್ಯುತ್ತಾನೆ ಎಂದು ಗೊತ್ತಿದ್ದೂ ಬರೆದ ಚೀಟಿ ಅದು. ಅವರು ರಿಪೇರಿ ಮಾಡಿದ್ದು ಅವನಿಗಲ್ಲ. ಚಪ್ಪರದಲ್ಲಿ ಗಿಟಾರು ಕೆಳಗಿಟ್ಟು ಗಿಲಕಿ ಎತ್ತಿಕೊಂಡವನಿಗೆ. ತಡಮಾಡಿದವನು ನಾನು, ಕ್ಷಮೆ ಕೇಳಿದವರು ಅವರು.

ಹೋದ ತಿಂಗಳು ಮಹಾಶಯ ಫೋನು ಮಾಡಿದ್ದ. ದುಃಖ ಗಿಃಖ ಎಲ್ಲ ಹೇಳಿ, ಆ ಹಳೇ ಕಾಯಿಲಿನ ತಂತಿ ಗುಜರಿಯಲ್ಲಿ ಎಲ್ಲಾದರೂ ಸಿಗಬಹುದೇ ಎಂದು ಕೇಳಿದ. ಅವನಿಗೆ ನಾನು ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಜೀವನದಲ್ಲಿ ಮೊದಲ ಸಲ ಅಂಥ ಮಾತು ನನ್ನ ಬಾಯಲ್ಲಿ ಬಂತು, ಬಂದದ್ದಕ್ಕೆ ಪಶ್ಚಾತ್ತಾಪವೂ ಇಲ್ಲ. ಆವತ್ತೇ ಅಣ್ಣನ ಅಂಗಡಿಯಲ್ಲಿ ಅನ್ನಬೇಕಾಗಿತ್ತು.

ಈಗ ದಿನಾ ಮಧ್ಯಾಹ್ನ ನನ್ನ ಬಟ್ಟೆ ಅಂಗಡಿಯ ಟ್ಯೂಬ್‌ಲೈಟುಗಳನ್ನೆಲ್ಲ ಹಾಕಿ, ವಾಲ್ಯೂಮು ಪೂರ್ತಿ ತಿರುಗಿಸಿ, ತಂತಿ ಮುಟ್ಟದೆ ಸ್ವಲ್ಪ ಹೊತ್ತು ಕೂರುತ್ತೇನೆ. ಆಮೇಲೆ ನುಡಿಸುತ್ತೇನೆ, ಬೆರಳು ಮೊದಲಿನ ಹಾಗೆ ಓಡುವುದಿಲ್ಲ. ನಿನ್ನೆ ಹೆಂಡತಿ ಊಟಕ್ಕೆ ಕರೆಯಲು ಬಂದವಳು ಬಾಗಿಲಲ್ಲೇ ನಿಂತಳು.

"ಏನ್ರೀ ಇದು, ಎಲ್ಲಾ ಆನ್ ಮಾಡ್ಕೊಂಡು ಸುಮ್ನೆ ಕೂತಿದ್ದೀರಲ್ಲ?"

ನಾನು ಎಡಗೈ ಬೆರಳೊಂದನ್ನು ಮೇಲೆತ್ತಿ ತೋರಿಸಿದೆ. ಅವಳು ಸುಮ್ಮನೆ ಕಾದಳು.