ಬಿದ್ದ ಕಾರು ಎತ್ತುವ ಪಾಳಿ

ಅರವತ್ತೆರಡರ ಗಂಡಸು ಆಟಿಕೆ ಕಾರು ಓಡಿಸಲು ಇಸ್ತ್ರಿ ಅಂಗಿ ತೊಟ್ಟು ಹೊರಟರೆ ಯಾವ ಹೆಂಡತಿಗೆ ನಗು ಬರುವುದಿಲ್ಲ? ನನಗೂ ಬಂತು, ನುಂಗಿಕೊಂಡೆ. ಒಂದು ವರ್ಷದಿಂದ ನನ್ನವರ ಎರಡೂ ಕೈ ನಡುಗುತ್ತಿದ್ದವು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕೂದಲೆಳೆಯಷ್ಟು ವ್ಯತ್ಯಾಸ ಅಳೆದ ಕೈಗಳು. ಚಹಾದ ಕಪ್ಪು ಬಸಿಯ ಮೇಲೆ ಕಟಕಟ ಎನ್ನತೊಡಗಿದ ಮೇಲೆ ಅವರು ಮದುವೆ ಮನೆಗಳಿಗೆ ಬರುವುದನ್ನು ಬಿಟ್ಟರು. ಬೀದರಿನಿಂದ ನೆಂಟರು ಬಂದರೆ ಒಳಗಿನ ಕೋಣೆ ಸೇರುತ್ತಿದ್ದರು. ಹೊರಗೆ ಹೋಗುತ್ತಿದ್ದದ್ದು ನಾವಿರುವ ನಾಸಿಕದ ಒಂದು ಹಾಬಿ ಅಂಗಡಿಗೆ ಮಾತ್ರ, ಅದೂ ಭಾನುವಾರಕ್ಕೊಮ್ಮೆ. ಅದೊಂದೂ ತಪ್ಪಿದರೆ ಮನುಷ್ಯ ಪೂರ್ತಿ ಮೂಲೆ ಹಿಡಿಯುತ್ತಾರೆ ಎಂಬ ಭಯ ನನಗೆ. ಇಷ್ಟು ದಿನ ಸುಮ್ಮನೆ ಓಡಿಸುವುದಿತ್ತು, ಆ ದಿನ ಪಂದ್ಯ. ಹಾಗಾಗಿ ಜೊತೆಗೆ ಹೋದೆ.

ಅಂಗಡಿಯ ಹಿಂಭಾಗದಲ್ಲಿ ಎರಡು ಮಂಚ ಜೋಡಿಸಿದಷ್ಟು ದೊಡ್ಡ ಹಲಗೆ, ಅದರ ಮೇಲೆ ಸುತ್ತುವ ರಸ್ತೆ, ರಸ್ತೆಯಲ್ಲಿ ನಾಲ್ಕು ಸೀಳು. ಸ್ಲಾಟ್ ಕಾರಿನ ಹೊಟ್ಟೆಯ ಕೆಳಗೊಂದು ಕಡ್ಡಿ ಇರುತ್ತದೆ. ಅದು ಸೀಳಿನಲ್ಲಿ ಕೂತರೆ ಕಾರು ಓಡುತ್ತದೆ. ಕೈಯಲ್ಲಿರುವ ಗುಂಡಿ ಒತ್ತಿದಷ್ಟೂ ಜೋರು. ತಿರುವಿನಲ್ಲಿ ಜೋರು ಮಾಡಿದರೆ ಹಾರಿ ಬೀಳುತ್ತದೆ. ನನ್ನವರು ಗುಂಡಿಯ ಹಿಡಿಕೆಯನ್ನು ಎರಡೂ ಕೈಯಿಂದ ಎದೆಗೊತ್ತಿ ಹಿಡಿದರು. ಹಾಗೆ ಹಿಡಿದರೆ ನಡುಕ ಕಾಣುವುದಿಲ್ಲ. ನಾಲ್ವರಲ್ಲಿ ಮೂರನೆಯವರಾಗಿ ಬಂದರು, ಗೆದ್ದವರ ಹಾಗೆ ಬೀಗಿದರು.

ಆಗ ಅಂಗಡಿಯವರು ಪದ್ಧತಿ ಹೇಳಿದರು: ಓಡಿಸಿ ಮುಗಿಸಿದವರು ಮುಂದಿನ ಓಟದಲ್ಲಿ ಒಂದೊಂದು ತಿರುವಿನಲ್ಲಿ ನಿಂತು, ಬಿದ್ದ ಕಾರುಗಳನ್ನು ಎತ್ತಿ ಸೀಳಿಗೆ ಕೂರಿಸಬೇಕು. ನನ್ನವರ ಮುಖ ಇಳಿಯಿತು. ಆ ಸಣ್ಣ ಕಡ್ಡಿಯನ್ನು ಎಲ್ಲರ ಕಣ್ಣೆದುರು ಕೂರಿಸುವುದೆಂದರೆ ಮುಚ್ಚಿಟ್ಟದ್ದೆಲ್ಲ ಬಯಲಾದಂತೆ.

"ನಡಿ, ಮನಿಗಿ ಹೋಗಮು," ಎಂದರು ನನ್ನ ಕಿವಿಯಲ್ಲಿ.

ಈಗ ಹೋದರೆ ಮತ್ತೆಂದೂ ಬರುವುದಿಲ್ಲ ಎಂದು ನನಗೆ ಗೊತ್ತು. ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ. "ನೀವು ಕೂಡ್ರಿ. ನಿಮ್ಮ ಬದಲಿ ನಾ ನಿಂದರ್ತೀನ್ರಿ."

ಅವರು ದುರುಗುಟ್ಟಿ ನೋಡಿದರು. "ನಾ ಇನ್ನಾ ಸತ್ತಿಲ್ಲ," ಎಂದವರೇ ಹೋಗಿ ಮೂರನೇ ತಿರುವಿನಲ್ಲಿ ನಿಂತರು. ನನ್ನ ಒಳ್ಳೆಯತನಕ್ಕೆ ಸಿಕ್ಕ ಬೆಲೆ ಅಷ್ಟೇ.

ಆ ಓಟದಲ್ಲಿ ಸಂಭಾಜಿನಗರದಿಂದ ಬೆಳಗಿನ ಬಸ್ಸಿಗೆ ಬಂದಿದ್ದ ಕಾಲೇಜು ಹುಡುಗಿಯೊಬ್ಬಳು ಎಲ್ಲರಿಗಿಂತ ಮುಂದಿದ್ದಳು. ಕೊನೆಯ ಸುತ್ತಿನಲ್ಲಿ ಅವಳ ಹಸಿರು ಕಾರು ಸರಿಯಾಗಿ ನನ್ನವರ ಮುಂದೆಯೇ ಹಾರಿ ಬಿತ್ತು. ಎತ್ತಿದರು. ಕೈ ನಡುಗಿತು. ಕಡ್ಡಿ ಸೀಳಿನ ಅಕ್ಕಪಕ್ಕ ಕೆರೆಯಿತೇ ಹೊರತು ಒಳಗಿಳಿಯಲಿಲ್ಲ. ಉಳಿದ ಮೂವರೂ ಗುಂಡಿಯಿಂದ ಬೆರಳು ತೆಗೆದು ಕಾರು ನಿಲ್ಲಿಸಿದರು. ಒಳ್ಳೆಯ ಮಕ್ಕಳು ಎಂದು ಮನಸ್ಸಿನಲ್ಲೇ ಹರಸಿದೆ.

"ಥಾಂಬೂ ನಕಾ!" ಎಂದು ನನ್ನವರು ಮರಾಠಿಯಲ್ಲಿ ಗದರಿದರು. ನಿಲ್ಲಬೇಡಿ, ಓಡಿಸಿ, ಇದು ಪಂದ್ಯ ಎಂದು ಕೂಗಿದರು.

ಮೂರೂ ಕಾರು ಮತ್ತೆ ಓಡಿದವು. ಕಡ್ಡಿ ಕೂರುವಷ್ಟರಲ್ಲಿ ಹುಡುಗಿ ಕೊನೆಯವಳಾಗಿದ್ದಳು.

ಓಟ ಮುಗಿದದ್ದೇ ತಡ, ಅವಳು ನೆಟ್ಟಗೆ ಅವರ ಬಳಿ ಬಂದಳು. ಸಮಾಧಾನ ಹೇಳುತ್ತಾಳೆ ಎಂದುಕೊಂಡೆ.

"ಕಾಕಾ, ತುಮ್‌ಚ್ಯಾಮುಳೆ ಹರಲೆ ಮೀ!" ನಿಮ್ಮಿಂದಲೇ ಸೋತೆ ಎಂದು, ನಾಲ್ಕು ಜನರ ಮುಂದೆ! ನನಗೆ ಮೈಯೆಲ್ಲ ಉರಿಯಿತು. ಚೀಲ ಹೆಗಲಿಗೇರಿಸಿ ಜಗಳಕ್ಕೆ ಹೊರಟೆ.

ಅಷ್ಟರಲ್ಲಿ ನನ್ನವರೇ ಶುರು ಮಾಡಿದ್ದರು. ತಿರುವಿನಲ್ಲಿ ಅಷ್ಟು ಜೋರು ಓಡಿಸು ಎಂದವರು ಯಾರು, ಮೊದಲು ಓಡಿಸುವುದು ಕಲಿ ಎಂದರು. ಅವಳೂ ಬಿಡಲಿಲ್ಲ, ಮೊದಲು ಎತ್ತುವುದು ಕಲಿಯಿರಿ ಎಂದಳು. ಇಬ್ಬರೂ ಐದು ನಿಮಿಷ ಕಿತ್ತಾಡಿದರು. ವಾದದ ಭರದಲ್ಲಿ ನನ್ನವರು ನಡುಗುವ ಎರಡೂ ಕೈಯನ್ನು ಅವಳ ಮುಖದ ಮುಂದೆ ಆಡಿಸುತ್ತಿದ್ದರು. ಮರೆಮಾಡಬೇಕೆಂಬುದು ಅವರಿಗೆ ಮರೆತೇ ಹೋಗಿತ್ತು.

ನಾನು ಚೀಲ ಇಳಿಸಿ ಕುರ್ಚಿಯಲ್ಲಿ ಕೂತೆ. ಈ ಒಂದು ವರ್ಷದಲ್ಲಿ ಅವರೊಡನೆ ಒಬ್ಬರೂ ಜಗಳವಾಡಿರಲಿಲ್ಲ. ಮೂವತ್ತೈದು ವರ್ಷ ದಿನಾ ಜಗಳವಾಡಿದ ನಾನೂ ಆಡಿರಲಿಲ್ಲ.