ಮೇಣದ ಬೆಳಕಿಗೊಂದು ಕ್ಯಾಮೆರಾ

ಬೆಳಗಿನ ಜಾವ. ತೊಚಿಬಾರು ಹಳ್ಳಿಯ ಹಳೆಯ ಮನೆಯೊಂದರ ಪಡಸಾಲೆಯಲ್ಲಿ ರಾತ್ರಿಯಿಡೀ ನಡೆದ ಕಗುರಾ ಎಂಬ ದೇವರ ಕುಣಿತ ಕೊನೆಯ ಸುತ್ತಿಗೆ ಬಂದಿದೆ. ಮೂಲೆಗೊಂದರಂತೆ ಮೇಣದ ದೀಪ, ಅಷ್ಟೇ ಬೆಳಕು. ದೇವರನ್ನು ಕರೆದ ಮೇಲೆ ಕರೆಂಟಿನ ದೀಪ ಹಾಕುವ ಪದ್ಧತಿ ಈ ಊರಿನಲ್ಲಿಲ್ಲ. ಡೋಲಿನ ಪಕ್ಕದಲ್ಲಿ, ಕುಣಿಯುವವರ ತೋಳು ತಾಗೀತು ಅನ್ನುವಷ್ಟು ಹತ್ತಿರ, ಚಿಗುಸಾ ಸೊನೊದಾ ಮೊಣಕಾಲೂರಿ ಕೂತಿದ್ದಾರೆ. ಕೈಯಲ್ಲೊಂದು ಚಿಕ್ಕ ಕ್ಯಾಮೆರಾ. ಚಿತ್ರ ಅಲ್ಲಾಡಬಾರದೆಂದು ಉಸಿರನ್ನೂ ಲೆಕ್ಕವಿಟ್ಟು ಬಿಡುತ್ತಿದ್ದಾರೆ.

ಡೋಲಿನ ಶುಇಚಿ ಬಿಡುವು ಸಿಕ್ಕಾಗ ಕೆಣಕುತ್ತಾನೆ: "ಅಕ್ಕಾ, ಒಂದು ಕಣ್ಣು ಆಗ್ಲೇ ನಿದ್ದೆ ಹೋಗಿದೆಯಲ್ಲ!"

"ಒಂದು ಕಣ್ಣು ಮುಚ್ಚೋದೇ ನನ್ನ ಕಸುಬು ಕಣೋ. ನೀನು ಎರಡೂ ಮುಚ್ಕೊಂಡು ಬಾರಿಸ್ತಿದ್ದೆ. ಅದೂ ಇದ್ರಲ್ಲಿ ಬಿದ್ದಿದೆ."

ಐವತ್ತೆಂಟರ ಚಿಗುಸಾ ಹಗಲಲ್ಲಿ ಅಣಬೆ ವಿಂಗಡಿಸುವ ಶೆಡ್ಡಿನಲ್ಲಿ ದುಡಿಯುತ್ತಾರೆ. ಎಲ್ಲರ ಕೈಗೂ ಫೋನ್ ಬಂದ ಮೇಲೆ ಅಪ್ಪನ ಫೋಟೊ ಸ್ಟುಡಿಯೊ ಮುಚ್ಚಿತು; ಚಿತ್ರ ಹಿಡಿಯುವ ಚಟ ಮಾತ್ರ ಮಗಳಲ್ಲಿ ಉಳಿಯಿತು. ಊರಿನ ಮದುವೆ, ಮಕ್ಕಳ ಹುಟ್ಟುಹಬ್ಬ, ಚಳಿಗಾಲದ ಕಗುರಾ, ಯಾವುದಿದ್ದರೂ ಕರೆ ಬರುವುದು ಇವರಿಗೇ. ಎಲ್ಲರ ಮನೆಯ ವಿಡಿಯೊದಲ್ಲೂ ಊರೆಲ್ಲ ಇರುತ್ತದೆ, ಇವರೊಬ್ಬರು ಇರುವುದಿಲ್ಲ.

ಹೊಸ ಕ್ಯಾಮೆರಾ ಹುಡುಕುವಂತೆ ಮಾಡಿದ್ದು ಫುಮಿಯೆ ಅಜ್ಜಿಯ ಒಂದು ಮಾತು. ಕೊನೆಯ ಸುತ್ತನ್ನು ಮುಖವಾಡವಿಲ್ಲದೆ ಕುಣಿಯುವ ಇವಾಓ ಅಜ್ಜನ ಹೆಂಡತಿ ಆಕೆ. ಹಾಸಿಗೆ ಹಿಡಿದು ಪೇಟೆಯ ಆರೈಕೆ ಮನೆಯಲ್ಲಿದ್ದಾರೆ. ಗಂಡನ ಕುಣಿತ ಅವರಿಗೆ ಕಾಣುವುದು ಚಿಗುಸಾ ತಂದು ತೋರಿಸುವ ವಿಡಿಯೊದಲ್ಲಿ ಮಾತ್ರ. ಹೋದ ವರ್ಷ ಬಹಳ ಹೊತ್ತು ನೋಡಿ ಅಜ್ಜಿ ಮೆಲ್ಲಗೆ ಕೇಳಿದರು: "ಇದ್ರಲ್ಲಿ ನಮ್ಮನೆಯವ್ರು ಯಾರಮ್ಮಾ?"

"ಕೇಳಿಸ್ಕೊಂಡು ಭೂಮಿಗಿಳಿದು ಹೋದೆ," ಎನ್ನುತ್ತಾರೆ ಚಿಗುಸಾ. "ತಪ್ಪು ಅಜ್ಜಿಯ ಕಣ್ಣಿಂದಲ್ಲ. ಮುಖ ಇರಬೇಕಾದ ಜಾಗದಲ್ಲಿ ಬರೀ ಚುಕ್ಕೆ ಗಿಜಿಗುಡ್ತಿತ್ತು."

ಅಷ್ಟರಲ್ಲಿ ಇವಾಓ ಅಜ್ಜ, ಮೊಣಕಾಲು ಕೈಕೊಟ್ಟಿದೆ, ಈ ವರ್ಷವೇ ಕೊನೆ ಎಂದುಬಿಟ್ಟರು.

ಚಿಗುಸಾ ಮೊದಲು ಎಡವಿದರು. ದೂರದಲ್ಲಿ ಕೂತು ಮೂಗಿನ ಮೇಲಿನ ಬೆವರನ್ನೂ ಹಿಡಿಯುತ್ತದೆಂಬ ಮಾತು ನಂಬಿ ಉದ್ದ ಜೂಮ್‌ನ ದೊಡ್ಡ ಕ್ಯಾಮೆರಾವೊಂದನ್ನು ಬಾಡಿಗೆಗೆ ತಂದರು. ತಾಲೀಮಿನ ದಿನ ಅಜ್ಜನ ಮುಖ ಹತ್ತಿರಕ್ಕೆಳೆದಂತೆಲ್ಲ ಚಿತ್ರ ಕಪ್ಪಾಯಿತು. ಕ್ಯಾಮೆರಾದಲ್ಲೇ ಬೆಳಕು ಏರಿಸಿದರೆ ಅದೇ ಹಳೆಯ ಚುಕ್ಕೆಗಳು.

ಅದನ್ನು ಹಿಂತಿರುಗಿಸಲು ಕ್ಯಾಮೆರಾ ಅಂಗಡಿಗೆ ಹೋದಾಗ ಅಲ್ಲಿನ ಮಿಜುಹೊ ಎಂಬಾಕೆ ಗೋದಾಮಿನ ದೀಪ ಆರಿಸಿ, ಒಂದು ಮೇಣದಬತ್ತಿ ಹಚ್ಚಿ, ಅದರೆದುರು ಕುಣಿಯುವವರ ತೋಳಿನಂತೆ ತಾವೇ ಬಿಳಿ ಟವೆಲ್ ಬೀಸುತ್ತಾ ನಿಂತರು. ಇಬ್ಬರೂ ಒಂದೊಂದೇ ಕ್ಯಾಮೆರಾ ಪರೀಕ್ಷಿಸಿದರು. ಒಂದರಲ್ಲಿ ಟವೆಲ್ ಹೊಗೆಯಂತೆ ಕಲಸಿಹೋಯಿತು, ಇನ್ನೊಂದರಲ್ಲಿ ಮುಖ ಸ್ಪಷ್ಟವಾಗುವುದು, ಮಸುಕಾಗುವುದು ನಡೆದೇ ಇತ್ತು. ಕೊನೆಗೆ ಸಿಕ್ಕಿದ್ದು ಈಗ ಕೈಯಲ್ಲಿರುವುದು: ಬೆಳಕು ಹಿಡಿಯುವ ಫಲಕ ದೊಡ್ಡದು, ಲೆನ್ಸಿನ ಬಾಯಿ ಅಗಲ. ಆದರೆ ಜೂಮ್ ಇಲ್ಲ.

"ಇದಕ್ಕೆ ಕತ್ತಲು ಕಾಣುತ್ತೆ, ದೂರ ಕಾಣಲ್ಲ," ಎಂದರು ಮಿಜುಹೊ. "ಹತ್ತಿರ ನೀವೇ ಹೋಗ್ಬೇಕು."

ಕಷ್ಟ ಇದ್ದದ್ದೇ ಅಲ್ಲಿ. ಕುಣಿತದ ಜಾಗಕ್ಕೆ ಸುತ್ತ ಹುಲ್ಲಿನ ಹಗ್ಗ ಕಟ್ಟಿರುತ್ತದೆ. ಅದರೊಳಗೆ ಈವರೆಗೆ ಒಬ್ಬ ಹೆಂಗಸೂ ಕೂತಿಲ್ಲ. ಚಿಗುಸಾ ಹಿರಿಯರ ಸಭೆಗೆ ಹೋಗಿ, ತಲೆ ತಗ್ಗಿಸಿ ಕೇಳಿಯೇಬಿಟ್ಟರು. ಹಿರಿಯ ನೊಬುಮೊತೊ, "ಹಿಂದೆಂದೂ ನಡೆದಿಲ್ಲವಲ್ಲಮ್ಮಾ," ಎಂದು ಮಾತು ಮುಗಿಸುವುದರಲ್ಲಿದ್ದರು.

ಇವಾಓ ಅಜ್ಜ ಚಹದ ಬಟ್ಟಲು ಕೆಳಗಿಟ್ಟರು. "ನಾನು ಹಾಕ್ಕೊಳ್ಳೋ ಅಂಗಿ ಹೊಲ್ದಿದ್ದು ನನ್ನ ಹೆಂಡ್ತಿ. ಅವಳು ಹೊಲ್ದ ತೋಳು ಹಗ್ಗದೊಳಗೆ ಕುಣೀಬಹುದು. ಅವಳ ಕಣ್ಣು ಮಾತ್ರ ಒಳಗೆ ಬರಬಾರ್ದಾ?"

ನೊಬುಮೊತೊ ಕೆಮ್ಮಿ, "ಡೋಲಿನ ಪಕ್ಕ ಒಂದು ಚಾಪೆ ಹಾಕಿ," ಎಂದರು. "ಆದ್ರೆ ನಡುವೆ ಎದ್ದು ಓಡಾಡೋ ಹಾಗಿಲ್ಲ, ಹೇಳಿದೀನಿ."

ಹಾಗೆ ಸಿಕ್ಕ ಚಾಪೆಯ ಮೇಲೆ ಬೆಳಗಿನವರೆಗೆ ಕೂತು ಹಿಡಿದದ್ದನ್ನು ಚಿಗುಸಾ ಆ ವಾರವೇ ಆರೈಕೆ ಮನೆಗೆ ಒಯ್ಯುತ್ತಾರೆ. ಜೊತೆಗೆ ಅಜ್ಜನೂ ಬಂದಿದ್ದಾರೆ. ಪರದೆಯ ಮೇಲೆ ದೀಪದ ಬೆಳಕಿನಲ್ಲಿ ಅವರ ಮುಖ ತಿರುಗುತ್ತದೆ. ಹುಬ್ಬು, ಬೆವರು, ಕೆನ್ನೆಯ ಗೆರೆ ಎಲ್ಲ ಕಾಣುತ್ತದೆ. ಫುಮಿಯೆ ಅಜ್ಜಿ ತಲೆ ಎತ್ತುತ್ತಾರೆ.

"ನೋಡಮ್ಮಾ, ಒಳಗೆ ಉಣ್ಣೆ ಬನಿಯನ್ನೇ ಹಾಕ್ಕೊಂಡಿಲ್ಲ! ಈ ಚಳೀಲಿ!"

"ಹಾಕ್ಕೊಂಡ್ರೆ ತೋಳು ಎತ್ತೋಕಾಗಲ್ಲ ಕಣೆ," ಅಜ್ಜ ಗೊಣಗುತ್ತಾರೆ.

"ಸುಮ್ನಿರಿ. ನೋಡ್ತಾ ಇದೀನಿ."

ಅಜ್ಜ ಹೆಂಡತಿಯ ಹೊದಿಕೆ ಸರಿಮಾಡುತ್ತಾರೆ. ಚಿಗುಸಾ ಕಿಟಕಿಯತ್ತ ತಿರುಗಿ, ಹೊರಗೆ ಏನೋ ನೋಡುವವರಂತೆ ನಿಲ್ಲುತ್ತಾರೆ.

ವಾಪಸ್ ಬರುವ ಬಸ್ಸಿನಲ್ಲಿ, ನಿಮಗೇನು ಆಸೆ ಎಂದು ಕೇಳಿದರೆ ಚಿಗುಸಾ ನಾಚಿ ನಗುತ್ತಾರೆ. "ಒಂದು ವರ್ಷ ಯಾರಾದ್ರೂ ಕ್ಯಾಮೆರಾ ಹಿಡ್ಕೊಳ್ಳಿ. ನಾನು ಜನರ ಮಧ್ಯೆ ಕಾಲು ಚಾಚಿ ಕೂತು, ಬಿದಿರು ಕೊಳವೇಲಿ ಕಾಯಿಸಿದ ಷೋಚು ಸಾರಾಯಿ ಕುಡೀತಾ, ಪೂರ್ತಿ ಕುಣಿತ ನೋಡ್ಬೇಕು. ಇಷ್ಟು ವರ್ಷ ಚೌಕಟ್ಟಿನೊಳಗೆ ಬಿದ್ದಷ್ಟನ್ನೇ ನೋಡಿರೋದು. ಆಚೆ ಏನೇನು ನಡೀತಿತ್ತೋ, ನಂಗೊಬ್ಬಳಿಗೇ ಗೊತ್ತಿಲ್ಲ."