ಜಾಡಿಯಲ್ಲಿ ಒಂದೇ ಗೆರೆ

ಅಪ್ಪಯ್ಯನ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಉಬ್ಬಿತ್ತು. ಆ ಭಾಗ ಕತ್ತರಿಸಿ ಕೃತಕ ನಳಿಕೆ ಕೂರಿಸಿದರು. ಮನೆಗೆ ಕಳಿಸುವಾಗ ಡಾಕ್ಟರು ಮಗಳಾದ ನನ್ನನ್ನು ಕರೆದು, "ಆಪರೇಷನ್ ಆಯ್ತು, ಇನ್ನು ಕಿಡ್ನಿ ಉಳಿಸಿಕೊಳ್ಳಬೇಕು" ಎಂದರು. ನೋವಿನ ಮಾತ್ರೆ ಬೇಡ, ಕಷಾಯ ಬೇಡ, ಸದ್ಯಕ್ಕೆ ಬೊಂಡದ ಎಳನೀರೂ ಬೇಡ. ಮೂತ್ರವನ್ನು ದಿನಾ ಅಳತೆಯ ಗೆರೆಗಳಿರುವ ಜಾಡಿಯಲ್ಲಿ ಅಳೆದು ಬರೆಯಬೇಕು. ಕಡಿಮೆಯಾದರೆ ಅದೇ ದಿನ ಕರೆತರಬೇಕು.

ನಮ್ಮ ಕೋಟದ ಕಡೆ ಕಾಯಿಲೆಯವರನ್ನು ನೋಡಲು ಯಾರೂ ಬರಿಗೈಲಿ ಬರುವುದಿಲ್ಲ, ಹಿತ್ತಲ ಬೊಂಡ ತಂದೇ ತರುತ್ತಾರೆ. ಬಂದವರ ಚೀಲಗಳ ಮೇಲೆ ನಾನು ಪೊಲೀಸರ ಹಾಗೆ ಕಣ್ಣಿಟ್ಟೆ.

ಎರಡು ದಿನ ಜಾಡಿಯಲ್ಲಿ ಅಳತೆ ಇಳಿಯಿತು. ಆಸ್ಪತ್ರೆಗೆ ಹೋಗೋಣವೆಂದು ಅಂಗಲಾಚಿದರೂ ಅಪ್ಪಯ್ಯ "ನಾಳೆ ಕಾಂಬ" ಎಂದು ತಡೆದರು. ಮೂರನೇ ದಿನ ಸರಿಯಾಯಿತು. ಆಮೇಲೆ ನಾಲ್ಕು ದಿನವೂ ಒಂದೇ ಗೆರೆ. ಬಣ್ಣ ಮಾತ್ರ ತೀರಾ ತಿಳಿ. ಕದ್ದು ಬೊಂಡ ಕುಡಿಸುತ್ತಿದ್ದಾರೆ ಎನಿಸಿತು. ಬಾರ್ಕೂರಿನ ಅತ್ತೆ ದಿನಾ ಬಸ್ಸು ಹತ್ತಿ ಬರುತ್ತಿದ್ದರು. ನೇರವಾಗಿ ಕೇಳಿಯೇಬಿಟ್ಟೆ.

"ನಾ ಎಂತಕ್ಕೆ ಕೊಡ್ಲಿ? ನಂಗೆ ನನ್ ಅಣ್ಣ ಬ್ಯಾಡ್ದಾ?" ಎಂದು ಅತ್ತೆ ಕಣ್ಣೀರು ಹಾಕಿದರು. ನಾನು ನಂಬಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅಪ್ಪಯ್ಯ ಬಚ್ಚಲಿಗೆ ಹೋದಾಗ ಬಾಗಿಲಾಚೆ ನಿಂತೆ. ಬಕೆಟ್ಟಿಗೆ ಮಗ್ ಅದ್ದಿದ ಸದ್ದು. ಬಾಗಿಲು ತಳ್ಳಿದೆ. ಒಂದು ಕೈ ಗೋಡೆಗೆ ಊರಿ, ಇನ್ನೊಂದರಲ್ಲಿ ಅವರು ಜಾಡಿಗೆ ನೀರು ಸುರಿಯುತ್ತಿದ್ದರು. ಗೆರೆ ನೋಡಲು ಕಣ್ಣು ಕಿರಿದು ಮಾಡಿದ್ದರು.

"ಎಂತ ಅಪ್ಪಯ್ಯ ಇದ್?"

"ಕಮ್ಮಿ ಇದ್ರೆ ನಿನ್ ಮುಖ ಕಾಂಬುಕೆ ಆತಿಲ್ಲ, ಹೆಣೆ."

ಸಿಟ್ಟು, ಅಳು ಎರಡೂ ಒಟ್ಟಿಗೇ ಬಂತು. ಆಟೋ ಕರೆಸಿ ಆಸ್ಪತ್ರೆಗೆ ಒಯ್ದೆ. ರಕ್ತದ ವರದಿ ನೋಡಿದ ಡಾಕ್ಟರು, "ಇನ್ನೆರಡು ದಿನ ಬಿಟ್ಟಿದ್ದರೆ ಡಯಾಲಿಸಿಸ್ಸೇ ಆಗುತ್ತಿತ್ತು" ಎಂದರು. ಡ್ರಿಪ್ ಹಾಕಿ, ಮಾತ್ರೆ ಬದಲಿಸಿ, ವಾರ ಇಟ್ಟುಕೊಂಡು ಕಳಿಸಿದರು. ಬರುವ ದಾರಿಯಲ್ಲಿ ಬಾರ್ಕೂರಿಗೆ ಹೋಗಿ ಅತ್ತೆಯ ಕಾಲು ಹಿಡಿದೆ. ಅವರು ಚಾ ಲೋಟ ನನ್ನೆದುರು ಇಟ್ಟು ಒಳಗೆ ಹೋದರು.

ಈಗ ಅಳತೆ ನಿಜಕ್ಕೂ ಸರಿಯಿದೆ. ಜಾಡಿ ಎತ್ತಿ ನೋಡುವಾಗ ಅಪ್ಪಯ್ಯ ಜಾಡಿ ನೋಡುವುದಿಲ್ಲ, ನನ್ನ ಮುಖ ನೋಡುತ್ತಾರೆ. ನಾನು ನಗುತ್ತೇನೆ.

"ಸುಳ್ಳ್ ನೆಗಿ ಬ್ಯಾಡ" ಎನ್ನುತ್ತಾರೆ. "ಎಷ್ಟಿತ್ತ್, ಸಮ ಹೇಳ್."